‘ಅಪರಿಚಿತ ವಾಹನ’: ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’, ಮತ್ತೆ ನಮ್ಮ ಮಾಮಾನ ಕಡತ

ಹಿಂದೆ ನೀರಿನ ಸದ್ದು ಕೇಳಿಸ್ತಿದ್ರೆ ಅದು ಎಡಿಟಿಂಗ್ ತಪ್ಪಲ್ಲ. ಸಾಣಾಪುರದಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕ ಕೂತು ಮಾತಾಡ್ತಿದೀನಿ. ರೂಮಲ್ಲಿ ಕರೆಂಟ್ ಇಲ್ಲ. ಫೋನ್ ಚಾರ್ಜ್ 64 ಪರ್ಸೆಂಟ್ ಇದೆ, ಅಷ್ಟರಲ್ಲಿ ಮುಗಿಸ್ತೀನಿ.

ಈ ಜಾಗದ ಹೆಸರು ನಿಮ್ಮಲ್ಲಿ ತುಂಬಾ ಜನಕ್ಕೆ ರೀಲ್ಸ್‌ನಿಂದ ಗೊತ್ತು. ಬಂಡೆ, ಕೆರೆ, ಹರಿಗೋಲು, ಸೂರ್ಯ ಮುಳುಗೋದು. ವಿರೂಪಾಪುರಗಡ್ಡಿಯ ರೆಸಾರ್ಟುಗಳನ್ನ 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ತೆರವು ಮಾಡಿದ ಮೇಲೆ ಬೆನ್ನುಚೀಲದ ಪ್ರವಾಸಿಗರು ಈ ಕಡೆಗೆ ಜಾಸ್ತಿ ಬರೋಕೆ ಶುರು ಮಾಡಿದ್ರು. ಇನ್ನು ಕೆಲವರಿಗೆ ಈ ಹೆಸರು ಗೊತ್ತಾಗಿದ್ದು 2025ರ ಮಾರ್ಚ್ 6ರ ರಾತ್ರಿಯಿಂದ. ನಕ್ಷತ್ರ ನೋಡ್ತಾ ಕಾಲುವೆ ಹತ್ತಿರ ಕೂತಿದ್ದ ಐದು ಜನರ ಮೇಲೆ ದಾಳಿ ಆಯ್ತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಆಯ್ತು. ಮೂವರು ಗಂಡಸರನ್ನ ಕಾಲುವೆಗೆ ತಳ್ಳಿದ್ರು. ಅವರಲ್ಲಿ ಒಡಿಶಾದಿಂದ ಬಂದಿದ್ದ ಯುವಕನ ಶವ ಮಾರ್ಚ್ 8ರ ಬೆಳಿಗ್ಗೆ ಸಿಕ್ತು. ಪೊಲೀಸರು ಮೂವರನ್ನ ಬಂಧಿಸಿದ್ರು.

ಆ ವಾರ ನನಗೆ ಬಂದ ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ದವು: “ನೀವು ಅಲ್ಲಿಯವರೇ ಅಲ್ವಾ? ಒಂದು ಕ್ರೈಂ ಎಪಿಸೋಡ್ ಮಾಡಿ, ಸಖತ್ ಓಡುತ್ತೆ.” ಮಾಡಲಿಲ್ಲ. ಸುದ್ದಿಯ ತುಂಬಾ ‘ವಿದೇಶಿ ಮಹಿಳೆ’ ಅನ್ನೋ ಪದ ಇತ್ತು. ಸತ್ತವನು ಮೂರನೇ ಪ್ಯಾರಾದಲ್ಲಿದ್ದ, ‘ಮತ್ತೊಬ್ಬ’ ಅಂತ. ಒಬ್ಬ ಮನುಷ್ಯ ತನ್ನ ಸಾವಿನ ಸುದ್ದಿಯಲ್ಲೇ ಮೂರನೇ ಪ್ಯಾರಾಕ್ಕೆ ಹೋಗೋದು ನನಗೆ ಹೊಸದೇನಲ್ಲ. ನಮ್ಮ ಮನೆಯಲ್ಲೇ ಅಂಥ ಒಂದು ಸಾವಿದೆ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಒಂದು ಸಿನಿಮಾ.

1985ರ ‘ಆಕ್ಸಿಡೆಂಟ್’. ನಿರ್ದೇಶನ ಶಂಕರ್‌ನಾಗ್, ಸಂಗೀತ ಇಳಯರಾಜ. ನಮ್ಮ ಕಡೆ ಆಟೋ ಸ್ಟ್ಯಾಂಡಿನಲ್ಲಿ ಶಂಕರಣ್ಣನ ಫೋಟೋಗೆ ಹಾರ ಇಲ್ಲದ ದಿನ ಇರಲ್ಲ, ಆದರೆ ಅದೆಲ್ಲ 1980ರ ‘ಆಟೋ ರಾಜ’ನ ಪ್ರೀತಿ. ‘ಆಕ್ಸಿಡೆಂಟ್’ ನೋಡಿದೀರಾ ಅಂತ ಆ ಸ್ಟ್ಯಾಂಡಲ್ಲಿ ಕೇಳಿದ್ರೆ ಒಂದಿಬ್ಬರು ಹೂಂ ಅಂತಾರೆ, ಉಳಿದವರು ‘ಗೀತಾ’ ಹಾಡು ಹೇಳೋಕೆ ಶುರು ಮಾಡ್ತಾರೆ.

ಕಥೆ ಇಷ್ಟು. ರಾತ್ರಿ. ಮಾದಕದ ಅಮಲಿನಲ್ಲಿರೋ ಇಬ್ಬರು ಶ್ರೀಮಂತ ಹುಡುಗರ ಕಾರು ಫುಟ್‌ಪಾತ್ ಮೇಲೆ ಮಲಗಿರೋ ಕೂಲಿಜನರ ಮೇಲೆ ಹರಿದು ಹೋಗುತ್ತೆ. ಉಳಿಯೋದು ಒಬ್ಬನೇ, ಆ ಪಾತ್ರ ರಮೇಶ್ ಭಟ್ ಅವರದು. ಕಾರು ಓಡಿಸಿದವನ ಅಪ್ಪ ದೊಡ್ಡ ರಾಜಕಾರಣಿ, ಹೆಸರು ಧರ್ಮಾಧಿಕಾರಿ, ಚುನಾವಣೆ ಎದುರಿಗಿದೆ. ಇದು ಬರೀ ಅಪಘಾತ ಅಲ್ಲ, ಯಾರೋ ಮುಚ್ಚಿಡ್ತಿದಾರೆ ಅಂತ ಬೆನ್ನು ಹತ್ತೋದು ಒಬ್ಬ ಪತ್ರಕರ್ತ, ಅದು ಶಂಕರ್‌ನಾಗ್ ಅವರೇ. ಧರ್ಮಾಧಿಕಾರಿ ಆಗಿರೋದು ಅನಂತ್‌ನಾಗ್. ಅಣ್ಣ ಮುಚ್ಚಿಡೋನು, ತಮ್ಮ ಬಿಚ್ಚಿಡೋನು. ಮನೆಯಲ್ಲಿ ಊಟಕ್ಕೆ ಕೂತಾಗ ಹೇಗಿತ್ತೋ ಏನೋ! ಇತರ ಸಾಮಾಜಿಕ ಸಮಸ್ಯೆಗಳ ಕುರಿತ ಅತ್ಯುತ್ತಮ ಚಿತ್ರ ಅಂತ ಇದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಕೊನೆಯಲ್ಲಿ ಏನಾಗುತ್ತೆ ಅಂತ ಹೇಳಲ್ಲ, ನೋಡಿ.

ಇಲ್ಲಿ ಗಮನಿಸಿ, ಕೊಂದವನು ಯಾರು ಅಂತ ನಮಗೆ ಶುರುವಿನಲ್ಲೇ ಗೊತ್ತು. ಸಸ್ಪೆನ್ಸ್ ಇರೋದು ಬೇರೆ ಕಡೆ. ಈ ಸತ್ತವರ ಬಗ್ಗೆ ಯಾರಾದರೂ ಕೇಳ್ತಾರಾ? ಕೇಳಿದವನನ್ನ ಎಲ್ಲಿಯವರೆಗೆ ಕೇಳೋಕೆ ಬಿಡ್ತಾರೆ? ಮೊದಲ ಸಲ ನೋಡಿದಾಗ ನಾನು ಪತ್ರಕರ್ತನ ಹಿಂದೆ ಹೋದೆ. ಎರಡನೇ ಸಲ ನೋಡಿದಾಗ ಕಣ್ಣು ರಮೇಶ್ ಭಟ್ ಮೇಲೇ ನಿಂತುಬಿಡ್ತು.

ಆ ಕಾಲ ಹೇಗಿತ್ತು? 1980ರಲ್ಲಿ ಪಿ. ಲಂಕೇಶ್ ತಮ್ಮ ವಾರಪತ್ರಿಕೆ ಶುರು ಮಾಡಿದ್ರು. ಮಂತ್ರಿಗಳ ಹೆಸರು ಹಿಡಿದು, ಆಡುಮಾತಲ್ಲಿ ಬರೆಯೋ ಪತ್ರಿಕೆ. 1983ರಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಪೇಪರಿನಲ್ಲಿ ಬರೆದರೆ ಏನಾದರೂ ಅಲುಗಾಡುತ್ತೆ ಅಂತ ಜನ ನಂಬಿದ್ದ ವರ್ಷಗಳು ಅವು. ಹಿಂದಿಯಲ್ಲೂ 1983ಕ್ಕೆ ‘ಜಾನೇ ಭೀ ದೋ ಯಾರೋ’, 1986ಕ್ಕೆ ‘ನ್ಯೂ ಡೆಲ್ಲಿ ಟೈಮ್ಸ್’ ಬಂದವು. ಒಂದರಲ್ಲಿ ಫೋಟೋಗ್ರಾಫರ್‌ಗಳ ಕ್ಯಾಮೆರಾದಲ್ಲಿ ಕೊಲೆ ಸಿಕ್ಕಿಬೀಳುತ್ತೆ, ಇನ್ನೊಂದರಲ್ಲಿ ಶಶಿ ಕಪೂರ್ ಸಂಪಾದಕರಾಗಿ ರಾಜಕೀಯ ಕೊಲೆಯ ಹಿಂದೆ ಬೀಳ್ತಾರೆ.

ಇನ್ನೂ ಹಿಂದೆ ಹೋದರೆ ಗ್ರೀಸ್ ದೇಶದ ಒಂದು ಕಥೆ ಇದೆ. 1963ರ ಮೇ 22, ಥೆಸಲೊನಿಕಿ ನಗರ. ಗ್ರಿಗೋರಿಸ್ ಲಂಬ್ರಾಕಿಸ್ ಅನ್ನೋ ಸಂಸದ ಶಾಂತಿ ಸಭೆ ಮುಗಿಸಿ ಹೊರಗೆ ಬಂದಾಗ ಮೂರು ಗಾಲಿಯ ಗಾಡಿಯೊಂದು ನುಗ್ಗಿ ಬಂತು, ಅದರಲ್ಲಿದ್ದವನು ತಲೆಗೆ ದೊಣ್ಣೆಯಲ್ಲಿ ಹೊಡೆದ. ಐದು ದಿನಕ್ಕೆ ಅವರು ತೀರಿಕೊಂಡರು. ಪೊಲೀಸರು ಮೊದಲು ಹೇಳಿದ್ದು ಏನು ಗೊತ್ತಾ? ರಸ್ತೆ ಅಪಘಾತ. ಪತ್ರಕರ್ತರು, ಜೊತೆಗೆ ಸಾರ್ಟ್ಸೆಟಾಕಿಸ್ ಅನ್ನೋ ಹಟಮಾರಿ ತನಿಖಾ ನ್ಯಾಯಾಧೀಶರು ಆ ಪದವನ್ನ ಒಪ್ಪಲಿಲ್ಲ. ಅದರ ಮೇಲೆ ಕೋಸ್ಟಾ ಗಾವ್ರಾಸ್ 1969ರಲ್ಲಿ ‘ಝಡ್’ ಅನ್ನೋ ಸಿನಿಮಾ ಮಾಡಿದ್ರು, ಆಸ್ಕರ್ ಬಂತು. ಆ ನ್ಯಾಯಾಧೀಶರು 1985ರಲ್ಲಿ, ಅಂದ್ರೆ ನಮ್ಮ ‘ಆಕ್ಸಿಡೆಂಟ್’ ವರ್ಷವೇ, ಗ್ರೀಸ್‌ನ ಅಧ್ಯಕ್ಷರಾದರು.

ಸತ್ತವರು ಸಂಸದರಾಗಿದ್ದರಿಂದ ಅಲ್ಲಿ ‘ಅಪಘಾತ’ ಅನ್ನೋ ಪದ ಕೊನೆಗೂ ಒಡೆಯಿತು. ಫುಟ್‌ಪಾತ್ ಮೇಲೆ ಮಲಗಿದವರಿಗೆ?

ಇಲ್ಲಿ ನನ್ನೊಳಗಿನ ಬಿ.ಕಾಂ. ಎದ್ದು ಕೂರ್ತಾಳೆ, ಕ್ಷಮಿಸಿ. ವಾಹನ ಗುದ್ದಿ ಓಡಿಹೋಯ್ತು, ಯಾರದ್ದು ಗೊತ್ತಿಲ್ಲ ಅಂದ್ರೆ ಆ ಸಾವಿಗೆ ಸರ್ಕಾರ ಒಂದು ಮೊತ್ತ ಇಟ್ಟಿರುತ್ತೆ. 1939ರ ಮೋಟಾರು ವಾಹನ ಕಾಯ್ದೆಗೆ 1982ರಲ್ಲಿ ತಿದ್ದುಪಡಿ ತಂದು ಮೊದಲ ಸಲ ಈ ಪರಿಹಾರ ಸೇರಿಸಿದ್ರು: ಸಾವಿಗೆ 5,000 ರೂಪಾಯಿ. ಅಂದ್ರೆ ‘ಆಕ್ಸಿಡೆಂಟ್’ ಸಿನಿಮಾದ ಆ ಕಾರು ಯಾರದ್ದು ಅಂತ ಪತ್ತೆ ಆಗದೇ ಹೋಗಿದ್ರೆ ಫುಟ್‌ಪಾತಿನ ಒಂದೊಂದು ಹೆಣಕ್ಕೆ ಬೆಲೆ ಅಷ್ಟು. 1988ರ ಹೊಸ ಕಾಯ್ದೆಯಲ್ಲಿ ಅದು 8,500 ಆಯ್ತು. 1994ರಲ್ಲಿ 25,000. ಅಲ್ಲಿಂದ 28 ವರ್ಷ ಆ ಅಂಕಿ ಅಲ್ಲೇ ನಿಂತಿತ್ತು! ಚಿನ್ನ, ಪೆಟ್ರೋಲ್, ನೆಲ್ಲಿನ ರೇಟು ಎಲ್ಲ ಎಲ್ಲಿಂದ ಎಲ್ಲಿಗೋ ಹೋದವು. 2022ರ ಏಪ್ರಿಲ್ 1ರಿಂದ 2 ಲಕ್ಷ ಮಾಡಿದ್ರು. ಇದು ತಾನಾಗಿ ಮನೆಗೆ ಬರಲ್ಲ, ತಾಲ್ಲೂಕಿನ ಕಂದಾಯ ಅಧಿಕಾರಿಗೆ ಅರ್ಜಿ ಹಾಕಬೇಕು. ಹಿಂಗೊಂದು ಯೋಜನೆ ಇದೆ ಅಂತ ಸತ್ತವರ ಮನೆಯವರಿಗೆ ಪೊಲೀಸರೇ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜನವರಿಯಲ್ಲಿ. ಅದೇ ತಿಂಗಳು ಲಾರಿ ಚಾಲಕರ ಮುಷ್ಕರ ನೆನಪಿದೆಯಲ್ಲ? ಗುದ್ದಿ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಅನ್ನೋ ಹೊಸ ಸೆಕ್ಷನ್ ವಿರುದ್ಧ. ಅದನ್ನ ಜಾರಿ ಮಾಡದೇ ಪಕ್ಕಕ್ಕಿಟ್ಟರು. ಚಾಲಕರ ಭಯಾನೂ ಸುಳ್ಳಲ್ಲ, ನಿಂತರೆ ಜನ ಹೊಡೆದು ಹಾಕ್ತಾರೆ ಅಂತ. ನಮ್ಮ ಚಿಕ್ಕಪ್ಪನೂ ಲಾರಿ ಓಡಿಸಿದವರೇ, ಹಾಗಾಗಿ ಇದನ್ನ ಅರ್ಧ ಬಾಯಲ್ಲೇ ಹೇಳ್ತಿದೀನಿ.

ಈಗ 31 ವರ್ಷ ಮುಂದಕ್ಕೆ ಬನ್ನಿ. 2016ರ ಮೇ, ಪವನ್ ಕುಮಾರ್ ಅವರ ‘ಯು ಟರ್ನ್’. ಇದನ್ನ ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ, ಕನ್ನಡದಲ್ಲಿ ಇಲ್ಲದಿದ್ರೆ 2018ರ ಸಮಂತಾ ಅವರ ತಮಿಳು, ತೆಲುಗಲ್ಲಿ. ಶ್ರದ್ಧಾ ಶ್ರೀನಾಥ್ ಇಂಗ್ಲಿಷ್ ಪತ್ರಿಕೆಯೊಂದರ ಇಂಟರ್ನ್. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಜನ ಡಿವೈಡರ್ ಕಲ್ಲು ಸರಿಸಿ ಯು ಟರ್ನ್ ತಗೋತಾರೆ, ಸರಿಸಿದ ಕಲ್ಲು ಅಲ್ಲೇ ಬಿಟ್ಟು ಹೋಗ್ತಾರೆ. ಅದರ ಬಗ್ಗೆ ಒಂದು ಸಣ್ಣ ಲೇಖನ ಬರೆಯೋಕೆ ಹೋಗ್ತಾಳೆ. ಅವಳು ಹುಡುಕಿಕೊಂಡು ಹೋದ ಒಬ್ಬ ಸವಾರ ಸತ್ತಿರ್ತಾನೆ. ನೋಡಿದ್ರೆ ಆತ್ಮಹತ್ಯೆ ಥರ. ಪಟ್ಟಿಯಲ್ಲಿರೋ ಬೇರೆಯವರೂ ಅಷ್ಟೇ. ಪೊಲೀಸರು ಮೊದಲು ಅನುಮಾನ ಪಡೋದು ಇವಳನ್ನೇ.

ಈ ಕಲ್ಲು ಸರಿಸೋ ವಿಷಯ ಕಟ್ಟುಕಥೆ ಅಲ್ಲ. ಆ ಫ್ಲೈಓವರ್ ಮೇಲೆ ಜನ ನಿಜವಾಗಿಯೂ ಹಾಗೆ ಮಾಡ್ತಿದ್ದರು, ಕಥೆ ಹುಟ್ಟಿದ್ದೇ ಅದರಿಂದ.

ಆ ಗಾಡಿ ನಂಬರುಗಳ ಪಟ್ಟಿ ಅವಳಿಗೆ ಹೇಗೆ ಸಿಗುತ್ತೆ ನೆನಪಿಸಿಕೊಳ್ಳಿ. ಫ್ಲೈಓವರ್ ಪಕ್ಕ ಒಬ್ಬ ನಿರ್ಗತಿಕ ಕೂತಿರ್ತಾನೆ. ಅವಳು ಕೊಡೋ ದುಡ್ಡಿಗೆ ನಂಬರ್ ಬರೆದು ಕೊಡ್ತಾನೆ. ಸಿನಿಮಾ ಬಗ್ಗೆ ಮಾತಾಡೋವಾಗ ನಾವು ದೆವ್ವ, ಟ್ವಿಸ್ಟ್, ಕ್ಲೈಮ್ಯಾಕ್ಸ್ ಅಂತೀವಿ, ಅವನು ಯಾರ ಬಾಯಲ್ಲೂ ಬರಲ್ಲ. ಆದರೆ ಇಡೀ ತನಿಖೆ ನಿಂತಿರೋದು ಅವನ ಚೀಟಿಯ ಮೇಲೆ. 1985ರಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದವನು ಸಾಕ್ಷಿ, 2016ರಲ್ಲಿ ಫುಟ್‌ಪಾತ್ ಮೇಲೆ ಕೂತವನು ಸಾಕ್ಷಿ. ಈ ಎರಡು ಸಿನಿಮಾನ ನಾನು ಒಟ್ಟಿಗೆ ಇಡೋದು ಇದಕ್ಕೇ. ಪತ್ರಕರ್ತರು ಬರೋದು ಆಮೇಲೆ. ಅವರಿಗಿಂತ ಮೊದಲು ಅಲ್ಲಿ ಒಬ್ಬ ಇದ್ದ, ಅವನು ನೋಡಿದ್ದ, ಅವನನ್ನ ಯಾರೂ ಕೇಳಿರಲಿಲ್ಲ.

ಸಿನಿಮಾದ ಪತ್ರಕರ್ತರಿಗೆ ಎರಡೂವರೆ ತಾಸಿನಲ್ಲಿ ಉತ್ತರ ಸಿಗುತ್ತೆ. ಹೊರಗೆ ಹಾಗಿಲ್ಲ. ನಮ್ಮ ಕಲ್ಯಾಣ ಕರ್ನಾಟಕದಲ್ಲೇ 2012ರ ಜುಲೈನಲ್ಲಿ ಪತ್ರಕರ್ತ ಲಿಂಗಣ್ಣ ಸತ್ಯಂಪೇಟೆ ಅವರ ಶವ ಕಲಬುರಗಿಯ ಚರಂಡಿಯೊಂದರಲ್ಲಿ ಸಿಕ್ಕಿತು. ವಚನಗಳನ್ನ ಮುಂದಿಟ್ಟುಕೊಂಡು ಮಠ, ಮೌಢ್ಯಗಳನ್ನ ಪ್ರಶ್ನೆ ಮಾಡಿ ಬರೆದವರು. ಇದು ಕೊಲೆ, ಸರಿಯಾಗಿ ತನಿಖೆ ಮಾಡಿ ಅಂತ ಮನೆಯವರು, ಒಡನಾಡಿಗಳು ಒತ್ತಾಯಿಸಿದರು. ಆಗ ನಾನು ಹೈಸ್ಕೂಲು. ಪೇಪರಿನಲ್ಲಿ ಓದಿದ್ದು ನೆನಪಿದೆ, ‘ಅನುಮಾನಾಸ್ಪದ ಸಾವು’ ಅನ್ನೋ ಪದ ಕಲಿತಿದ್ದು ಅಲ್ಲಿಂದಲೇ.

ಶಂಕರ್‌ನಾಗ್ ತೀರಿಕೊಂಡಿದ್ದೂ ರಸ್ತೆಯಲ್ಲೇ. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡು. ‘ಜೋಕುಮಾರಸ್ವಾಮಿ’ ಶೂಟಿಂಗಿಗೆ ಹೊರಟಿದ್ದರು, ವಯಸ್ಸು 35. ಇದನ್ನ ‘ಆಕ್ಸಿಡೆಂಟ್’ ಜೊತೆ ಜೋಡಿಸಿ ವಿಧಿ ಅದು ಇದು ಅಂತ ಹೇಳೋ ವಿಡಿಯೋಗಳು ಬೇಕಾದಷ್ಟಿವೆ. ನಾನು ಅದಕ್ಕೆ ಕೈ ಹಾಕಲ್ಲ.

ನಮ್ಮ ಮನೆಯ ಸಾವಿನ ವಿಷಯ ಈಗ.

ನಮ್ಮ ಅವ್ವನ ತಮ್ಮ, ನನ್ನ ಸೋದರಮಾವ. ಮಾಮಾ ಅಂತಿದ್ವಿ. 2005ರ ಡಿಸೆಂಬರ್, ನನಗೆ ಎಂಟು ವರ್ಷ. ಗಂಗಾವತಿ ಕಡೆ ಬಂದವರಿಗೆ ಗೊತ್ತು, ಸುಗ್ಗಿ ಬಂತು ಅಂದ್ರೆ ರಸ್ತೆ ಅರ್ಧ ರಸ್ತೆ, ಅರ್ಧ ಕಣ. ನೆಲ್ಲು ಒಣಗಿಸೋಕೆ ಬೇರೆ ಜಾಗ ಇರಲ್ಲ. ಹಸಿ ನೆಲ್ಲು ಮಿಲ್ಲಿಗೆ ಒಯ್ದರೆ ರೇಟು ಕಡಿತಾರೆ. ಹಗಲು ಹರಡೋದು, ರಾತ್ರಿ ರಾಶಿ ಮಾಡಿ ತಾಡಪತ್ರಿ ಮುಚ್ಚಿ, ಸುತ್ತ ಕಲ್ಲಿಟ್ಟು ಪಕ್ಕದಲ್ಲೇ ಮಲಗೋದು. ತಪ್ಪು ಅಂತ ಎಲ್ಲರಿಗೂ ಗೊತ್ತು. ಆ ಕಲ್ಲಿಗೆ ಬೈಕ್ ಹತ್ತಿಸಿ ಬಿದ್ದವರೂ ಇದಾರೆ, ಅದನ್ನೂ ಹೇಳಬೇಕು. ಮಾಮಾ ಹಾಗೆ ಮಲಗಿದ್ದಾಗ ಬೆಳಗಿನ ಜಾವ ಒಂದು ಗಾಡಿ ರಾಶಿಯ ಮೇಲೆ ಹತ್ತಿ ಹೋಯ್ತು.

ಅವ್ವನ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಜೊತೆ, ಪ್ಲಾಸ್ಟಿಕ್ ಕವರಿನೊಳಗೆ ಝೆರಾಕ್ಸ್ ಪ್ರತಿಗಳಿವೆ. ಎಫ್‌ಐಆರ್, ಶವ ಪಂಚನಾಮೆ, ಸ್ಥಳ ಪಂಚನಾಮೆ. ಸೆಕ್ಷನ್ 279, 304(ಎ). ಆರೋಪಿ ಅನ್ನೋ ಕಡೆ ‘ಅಪರಿಚಿತ ವಾಹನದ ಚಾಲಕ’. ಕೊನೆಗೆ ‘ಸಿ’ ರಿಪೋರ್ಟ್. ಪೊಲೀಸ್ ಭಾಷೆಯಲ್ಲಿ ‘ಬಿ’ ಅಂದ್ರೆ ಕೇಸೇ ಸುಳ್ಳು ಅಥವಾ ಆಧಾರ ಇಲ್ಲ. ‘ಸಿ’ ಅಂದ್ರೆ ಆಗಿದ್ದು ನಿಜ, ಮಾಡಿದವರು ಪತ್ತೆ ಇಲ್ಲ. 25,000ಕ್ಕೆ ಅರ್ಜಿ ಹಾಕಬಹುದಿತ್ತು ಅಂತ ನಮಗೆ ಯಾರೂ ಹೇಳಲಿಲ್ಲ. ನನಗೂ ಗೊತ್ತಾಗಿದ್ದು ಈ ಎಪಿಸೋಡಿಗೆ ಓದೋವಾಗ.

ಕಾಮರ್ಸ್ ಓದಿದವರಿಗೆ ಒಂದು ಚಟ, ಕಾಗದ ಕಂಡ್ರೆ ಟ್ಯಾಲಿ ಮಾಡೋದು. ಸ್ಥಳ ಪಂಚನಾಮೆಯಲ್ಲಿ ರಸ್ತೆ ಅಗಲ ಇದೆ, ಗಿಡ ಇದೆ, ದಿಕ್ಕು ಇದೆ, ರಾಶಿ ಚೆಲ್ಲಾಪಿಲ್ಲಿ ಆಗಿದ್ದೂ ಇದೆ. ‘ಸ್ಥಳದಲ್ಲಿ ತನಿಖೆಗೆ ಉಪಯುಕ್ತವಾದ ಯಾವುದೇ ವಸ್ತು ದೊರೆತಿರುವುದಿಲ್ಲ’ ಅಂತಲೂ ಇದೆ. ಕತ್ತಲಲ್ಲಿ ಒಂದು ಗಾಡಿ ಕಲ್ಲಿನ ಮೇಲೆ, ರಾಶಿಯ ಮೇಲೆ, ಮನುಷ್ಯನ ಮೇಲೆ ಹತ್ತಿ ಇಳಿದಿದೆ. ಒಂದು ಚೂರೂ ಉದುರಲಿಲ್ವಾ?

ಮೂಲ ಕಡತಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ತಮಾಷೆ ನೋಡಿ, ಮಾಹಿತಿ ಹಕ್ಕು ಕಾಯ್ದೆ ಪೂರ್ತಿ ಜಾರಿಗೆ ಬಂದಿದ್ದು 2005ರ ಅಕ್ಟೋಬರ್ 12, ಮಾಮಾ ಸಾಯೋಕೆ ಎರಡು ತಿಂಗಳು ಮುಂಚೆ. ನಮ್ಮ ಮನೆಯಲ್ಲಿ ಅದನ್ನ ಬಳಸಿದ್ದು ಇಪ್ಪತ್ತು ವರ್ಷ ಆದ ಮೇಲೆ. ಎರಡು ಸಾಲಿನ ಉತ್ತರ ಬಂತು, ಕಡತ ಲಭ್ಯವಿಲ್ಲ ಅಂತ.

ಆಗ ಸಿನಿಮಾದಿಂದ ಕಲಿತದ್ದನ್ನ ಮಾಡಿದೆ. ಪಂಚನಾಮೆಗೆ ಕೆಳಗೆ ಪಂಚರ ಸಹಿ ಇರುತ್ತೆ, ಊರವರೇ ಯಾರಾದರೂ. ಇದರಲ್ಲಿ ಒಂದು ಸಹಿ, ಒಂದು ಹೆಬ್ಬೆಟ್ಟು. ಸಹಿ ಮಾಡಿದವರು ತೀರಿಕೊಂಡಿದ್ದಾರೆ. ಹೆಬ್ಬೆಟ್ಟಿನ ಅಜ್ಜ ಇದ್ದಾರೆ, ಎಪ್ಪತ್ತು ದಾಟಿದೆ, ಕಣ್ಣು ಮಂದ. ಆ ರಾತ್ರಿ ಅವರದ್ದೂ ರಾಶಿ ಅಲ್ಲೇ ಇತ್ತು, ನೂರು ಹೆಜ್ಜೆ ಆಚೆ. ಹೆಸರು ಹೇಳಲ್ಲ, ಅವರೇ ಬೇಡ ಅಂದ್ರು. ರೆಕಾರ್ಡ್ ಮಾಡೋಕೆ ಒಪ್ಪಿದ್ರು.

“ಅಜ್ಜಾರ, ಆವತ್ತು ಅಲ್ಲಿ ಏನರ ಬಿದ್ದಿತ್ತೇನ್ರಿ?” ಅಂದೆ.

“ಬಿದ್ದಿತ್ತಲ್ಲವಾ. ಗಾಜು. ನೆಲ್ಲಿನ್ಯಾಗ ಎಲ್ಲಾ ಗಾಜು.”

“ಪೊಲೀಸ್ರಿಗೆ ಹೇಳ್ಳಿಲ್ಲೇನ್ರಿ?”

“ಅವ್ರು ಕೇಳಲಿಲ್ಲ. ಇಲ್ಲಿ ಒತ್ತು ಅಂದ್ರು, ಒತ್ತಿದೆ. ಓದಾಕ ನಮಗೆಲ್ಲಿ ಬರ್ತದವಾ?”

ಆಮೇಲೆ ಅವರೇ ಮುಂದುವರಿಸಿದ್ರು. ಹೆಣ ಮಣ್ಣು ಮಾಡಿ ಬಂದು ಮೂರನೇ ದಿನ ಹೆಂಗಸರು ಕೂತು ಆ ರಾಶಿಯನ್ನ ಮೊರದಲ್ಲಿ ಹಾಕಿ ಗಾಜು ಆರಿಸಿದ್ರಂತೆ. ಸಾಲ ಇತ್ತು, ನೆಲ್ಲು ಬಿಡೋ ಹಂಗಿರಲಿಲ್ಲ. ಬಿಳಿ ಗಾಜು ಇತ್ತು, ಕಿತ್ತಳೆ ಬಣ್ಣದ್ದೂ ಇತ್ತು. ಕಿತ್ತಳೆ ಅಂದ್ರೆ ಇಂಡಿಕೇಟರ್ ಇರಬೇಕು. ಒಂದು ಚೂರಿನ ಮೇಲೆ ಅಕ್ಷರ ಇತ್ತು ಅಂತ ಅಜ್ಜ ಹೇಳ್ತಾರೆ, ಯಾವ ಅಕ್ಷರ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಮನೆಗೆ ಬಂದು ಅವ್ವನಿಗೆ ಈ ರೆಕಾರ್ಡಿಂಗ್ ಕೇಳಿಸಿದೆ. ಒಲೆ ಮುಂದೆ ಕೂತಿದ್ದಳು, ಪೂರ್ತಿ ಕೇಳಿದಳು.

“ನಾನೂ ಆರಿಸೀನಿ” ಅಂದಳು. “ಬೊಟ್ಟು ಕೊಯ್ಕೊಂಡಿದ್ದೆ.”

“ನನಗ್ಯಾಕ ಹೇಳ್ಳಿಲ್ಲಬೇ?”

“ನೀ ಎಂಟು ವರ್ಷದಾಕಿ. ಆಮ್ಯಾಲ ಯಾರು ಕೇಳಿದ್ರು?”

ಆ ಗಾಜನ್ನೆಲ್ಲ ಒಂದು ಡಾಲ್ಡಾ ಡಬ್ಬಿಗೆ ಹಾಕಿದ್ದಳಂತೆ. ದನಕರು, ಮಕ್ಕಳ ಕಾಲಿಗೆ ಚುಚ್ಚಬಾರದು ಅಂತ, ಅಷ್ಟಕ್ಕೇ. ಹಳೇ ಮನೆಯ ಅಟ್ಟದ ಮೇಲೆ ಇಟ್ಟ ನೆನಪು. ಹಳೇ ಮನೆ 2009ರ ಮಳೆಗೆ ಅರ್ಧ ಬಿದ್ದಿದೆ, ಅಟ್ಟ ಇನ್ನೂ ಇದೆ. ಹೋದ ಭಾನುವಾರ ನಾನು, ಅವ್ವ ಏಣಿ ಹಾಕಿ ಹತ್ತಿದ್ವಿ. ಮೊರ ಸಿಕ್ತು. ಮಾಮಾನ ಟಾರ್ಚ್ ಸಿಕ್ತು, ಶೆಲ್ ತುಕ್ಕು ಹಿಡಿದು ಒಳಗೇ ಅಂಟಿಕೊಂಡಿದೆ. ಡಬ್ಬಿ ಸಿಗಲಿಲ್ಲ. ಇನ್ನೊಂದು ಕಡೆ ಮಣ್ಣು ಕುಸಿದಿದೆ, ಅಲ್ಲಿ ತೆಗೀಬೇಕು, ಈ ವಾರ ತಮ್ಮ ಊರಿಗೆ ಬಂದ ಮೇಲೆ.

ಚಾರ್ಜ್ 31ಕ್ಕೆ ಬಂತು, ಸೊಳ್ಳೆನೂ ಶುರು ಆದವು. ನಿಮ್ಮ ಮನೆಯಲ್ಲೂ ಇಂಥ ಪ್ಲಾಸ್ಟಿಕ್ ಕವರ್ ಇದ್ದರೆ ನನಗೊಂದು ವಾಯ್ಸ್ ಮೆಸೇಜ್ ಕಳಿಸಿ. ಹೆಸರು ಬೇಡ ಅಂದ್ರೆ ಹಾಕಲ್ಲ. 2022ರ ಏಪ್ರಿಲ್ ಆದ ಮೇಲಿನದ್ದಾಗಿದ್ರೆ ಆ 2 ಲಕ್ಷದ ಅರ್ಜಿಯ ಬಗ್ಗೆ ತಹಶೀಲ್ದಾರ್ ಕಚೇರಿಯಲ್ಲಿ ಮೊದಲು ಕೇಳಿ, ಮೆಸೇಜ್ ಆಮೇಲೆ ಕಳಿಸಿ. ಬರ್ತೀನ್ರೀ.